ಎರಡನೆಯ ಕೊಟ್ಟಿಗೆ

ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿಯುವಂಥ ಸದ್ದು. ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತ ವಾರಿಜಾ ತುಸು ಹೊತ್ತು ಕಣ್ಣು ಮುಚ್ಚಿ ಕುಳಿತಳು. ಕಿಟಕಿಯಾಚೆ ಬೆಳಗಿನ ಕಡಲು ತಣ್ಣಗೆ ಬಿದ್ದುಕೊಂಡಿತ್ತು. ಅದರ ತಳದಲ್ಲಿ ಮಾತ್ರ ಸಾವಿರ ಮನೆಗಳಲ್ಲಿ ಒಮ್ಮೆಲೇ ಒಗ್ಗರಣೆ ಬಿದ್ದಂತೆ ಗದ್ದಲ.

ಜೀವವಿರುವ ಬಂಡೆಯ ಸದ್ದು ಅದು. ಬಂಡೆಯ ಸಂದುಗಳಲ್ಲಿ ಬದುಕುವ ಸಣ್ಣ ಸಿಗಡಿಗಳು ಕೊಂಡಿ ಚಟಪಟ ಬಡಿಯುತ್ತವೆ. ನೀರಿನಲ್ಲಿ ತೇಲುವ ಸಿಂಪಿಯ ಮರಿಗಳಿಗೆ ದೂರ ನೋಡುವ ಕಣ್ಣಿಲ್ಲ; ಆದರೆ ಈ ಸದ್ದು ಅವುಗಳಿಗೆ ತಿಳಿಯುತ್ತದೆ. ಸದ್ದು ಇರುವಲ್ಲಿ ಇಳಿದು ಅಂಟಿಕೊಂಡವೆಂದರೆ ಸಾಯುವ ತನಕ ಅಲ್ಲಿಂದ ಕದಲವು. ಒಂದರ ಮೇಲೊಂದು ಚಿಪ್ಪು ಕೂತು ಗೋಡೆಯಾಗುತ್ತದೆ. ಕಡಲು ಏರಿದಷ್ಟೂ ಆ ಗೋಡೆ ತಾನೂ ಏರುತ್ತದೆ. ಕಲ್ಲಿನ ಗೋಡೆಗೆ ಆ ಬುದ್ಧಿಯಿಲ್ಲ. ಕಡಲು ಒಂದು ಮೊಳ ಮೇಲೆ ಬಂದ ಮೇಲೆ ಕರಾವಳಿಯ ಕಲ್ಲುಗೋಡೆಗಳೆಲ್ಲ ಒಂದೊಂದಾಗಿ ಮುಗ್ಗರಿಸಿದ್ದವು.

ಹಾಗಾದರೆ ಬಂಡೆಯ ಸದ್ದನ್ನು ನಾವೇ ಮಾಡಿದರೆ? ಅಷ್ಟೇ ಯೋಚನೆ. ಸದ್ದು ಹೊರಡಿಸುವ ಕಂಬಗಳನ್ನು ಕಡಲ ತಳಕ್ಕೆ ಇಳಿಸಿದರು, ಕರೆಗಂಬ ಎಂದು ಹೆಸರಿಟ್ಟರು. ಎಲ್ಲಿ ಕರೆದರೆ ಅಲ್ಲಿ ಬಂಡೆ ಬೆಳೆಯಿತು.

ವಾರಿಜಾಳ ತಾಯಿ ಗುಲಾಬಿ ಇದನ್ನು ನಂಬಿರಲಿಲ್ಲ. "ಸಾಸಿವೆ ಸಿಡಿದ ಸದ್ದಿಗೆ ಸಿಂಪಿ ಕಡಲಿಂದ ಬರುವುದಾದ್ರೆ, ಇಷ್ಟು ವರ್ಷದಲ್ಲಿ ನನ್ನ ಅಡುಗೆಮನೆಯಲ್ಲಿ ಕೂರ್ಲಿಕ್ಕೆ ಜಾಗ ಇರ್ತಿರಲಿಲ್ಲ" ಎಂದಿದ್ದಳು.

"ವಾರಿಜಕ್ಕ, ದೊಡ್ಡಮ್ಮ ಎಂತದೋ ಕೇಳ್ತಾ ಉಂಟು" ಎಂದಳು ಫ್ಲೋಸಿ. ನಿಯಂತ್ರಣ ಕೊಠಡಿಯಲ್ಲಿ ವಾರಿಜಾಳ ಕೈಕೆಳಗಿನ ಹುಡುಗಿ ಅವಳು. ದೊಡ್ಡಮ್ಮ ಎಂದರೆ ದಂಡೆಯ ಲೆಕ್ಕಾಚಾರ ಮಾಡುವ ಯಂತ್ರ. ಗಾಳಿ, ತೆರೆ, ದಂಡೆಯ ಮರಳಾದ ಹೊಯ್ಗೆ, ಮನೆ, ಮರ ಎಲ್ಲವನ್ನೂ ಇಟ್ಟುಕೊಂಡು, ಯಾವುದನ್ನು ಉಳಿಸಬೇಕು, ಯಾವುದನ್ನು ಕಡಲಿಗೆ ಬಿಡಬೇಕು ಎಂದು ಅದು ಹೇಳುತ್ತದೆ. ಎಲ್ಲವನ್ನೂ ಉಳಿಸುವ ಕಾಲ ಮುಗಿದಿತ್ತು. ಒಂದು ಮೂಲೆ ಬಿಟ್ಟುಕೊಟ್ಟರೆ ಉಳಿದದ್ದು ನಿಲ್ಲುತ್ತದೆ ಎಂಬ ಹಂತಕ್ಕೆ ಲೋಕ ಬಂದು ನಿಂತಿತ್ತು.

ಪರದೆಯ ಮೇಲೆ ಅರಬ್ಬಿ ಉದ್ಯಾನದ ನಕ್ಷೆ ಇತ್ತು. ಗಾಳಿಮರಗಳ ಸಾಲು, ಮಕ್ಕಳ ಜೋಕಾಲಿ, ಹುಲ್ಲುಹಾಸು, ಅದರ ತೆಂಕು ಅಂಚಿನಿಂದ ಕಡಲಿಗೆ ಚಾಚಿದ ಹಳೆಯ ಕಲ್ಲಿನ ತೋಳು. ಎರಡು ವರ್ಷಗಳಿಂದ ತೆರೆಗಳು ಉದ್ಯಾನದ ಅಂಚನ್ನು ರೊಟ್ಟಿ ಮುರಿದಂತೆ ಮುರಿದು ಒಯ್ಯುತ್ತಿದ್ದವು. ಈಗ ಕಲ್ಲಿನ ತೋಳನ್ನು ತೆಗೆದು ಸಿಂಪಿಯ ಬಂಡೆ ಬೆಳೆಸಬೇಕು, ಅದರ ಹಿಂದೆ ಹೊಯ್ಗೆ ದಿಣ್ಣೆ ಕಟ್ಟಿ ಬಳ್ಳಿ ಹಬ್ಬಿಸಬೇಕು. ಸಿಂಪಿಮರಿ ಬರುವುದು ನವರಾತ್ರಿಯಿಂದ ದೀಪಾವಳಿಯ ತನಕ ಮಾತ್ರ. ಇದ್ದ ಕರೆಗಂಬಗಳು ಒಂದು ತೋಳಿಗಷ್ಟೇ ಸಾಕಾಗುತ್ತಿದ್ದವು.

ಬಡಗು ತೋಳು ಬೆಳೆಸಿದರೆ ಉದ್ಯಾನದ ಬಡಗು ಮೂಲೆ ಉಳಿಯುತ್ತದೆ. ಹೊಯ್ಗೆಯೆಲ್ಲ ಅಲ್ಲೇ ನಿಲ್ಲುತ್ತದೆ. ತೆಂಕು ತೋಳು ಬೆಳೆಸಿದರೆ ಆ ಮೂಲೆ ಕರಗಿ, ಅದರ ಹೊಯ್ಗೆ ಪ್ರತಿ ಮಳೆಗಾಲವೂ ತೆಂಕಕ್ಕೆ ಹರಿದು, ಉದ್ಯಾನದ ಉಳಿದ ಭಾಗಕ್ಕೆ ಅಂಚು ಕಟ್ಟಿ, ಕಲ್ಲಿನ ತೋಳಿಗಿಂತ ತಗ್ಗಾದ ಸಿಂಪಿಬಂಡೆಯನ್ನು ದಾಟಿ, ಆಚೆಗಿನ ತೆಂಕಬೆಂಗ್ರೆಯಲ್ಲಿ ನಿಲ್ಲುತ್ತದೆ. ತೆಂಕಬೆಂಗ್ರೆ ಎಂದರೆ ಈಗ ಇಳಿತದಲ್ಲಿ ಮಾತ್ರ ಬೆನ್ನು ತೋರಿಸುವ ನೀರಡಿಯ ದಿಬ್ಬ. ಒಂದು ಕಾಲದಲ್ಲಿ ಅಲ್ಲಿ ನಲವತ್ತೊಂದು ಮನೆಗಳಿದ್ದವು. ಅವುಗಳಲ್ಲಿ ಒಂದರಲ್ಲಿ ವಾರಿಜಾ ಹುಟ್ಟಿದ್ದಳು.

ದೊಡ್ಡಮ್ಮನ ಪ್ರಶ್ನೆ ಪರದೆಯ ಕೆಳಗೆ ಮಿನುಗುತ್ತಿತ್ತು: 'ಬಡಗು ಮೂಲೆಯ ಕಟ್ಟಡ. ದಾಖಲೆಯಲ್ಲಿ ಸಲಕರಣೆ ಕೊಟ್ಟಿಗೆ. ವಾಸವಿದ್ದರೆ ಬಡಗು ತೋಳು, ಇಲ್ಲದಿದ್ದರೆ ತೆಂಕು ತೋಳು. ಸ್ಥಳ ನೋಡಿ ದೃಢಪಡಿಸಿ.'

"ಅದು ಕೊಟ್ಟಿಗೆ ಅಲ್ಲಕ್ಕ" ಎಂದಳು ಫ್ಲೋಸಿ. "ಅಲ್ಲಿ ಆ ರಿಟೈರ್ಡ್ ಚೀಫ್ ಎಂಜಿನಿಯರ್ ಇದ್ದಾರೆ. ಭುಜಂಗ ರಾವ್. ಉದ್ಯಾನ ಕಟ್ಟಿಸಿದವರೇ ಅವರಂತೆ. ಬಾಗಿಲಲ್ಲಿ ಗುಲಾಬಿ ಗಿಡ, ಒಳಗೆ ಫ್ಯಾನು. ಕೊಟ್ಟಿಗೆ ಅಂತ ಯಾರಪ್ಪ ಬರೆದದ್ದು?"

ವಾರಿಜಾ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. "ನಾಳೆ ಹೋಗಿ ನೋಡುವ" ಎಂದಳು.

ಪುನರ್ವಸತಿ ಕಾಲೊನಿಯ ನಾಲ್ಕನೆಯ ಮಹಡಿಯಲ್ಲಿ ಗುಲಾಬಿ ಮರುವಾಯಿ ತೊಳೆಯುತ್ತಿದ್ದಳು. ಪೇಟೆಯಿಂದ ತಂದ ಚಿಪ್ಪುಮೀನು. ಕೈಯಿಂದ ಕೈಗೆ ಹಾಕುತ್ತ ಪ್ರತಿಯೊಂದನ್ನೂ ಗೊಣಗುತ್ತ ಆರಿಸುತ್ತಿದ್ದಳು. ಬೆಂಗ್ರೆಯಲ್ಲಿದ್ದಾಗ ಇಳಿತದ ನೀರಿನಲ್ಲಿ ನಿಂತು, ಬರಿಗಾಲಿನ ಬೆರಳುಗಳಿಂದ ಹೊಯ್ಗೆ ಕೆದಕಿ, ಕಣ್ಣಿನಿಂದ ನೋಡದೆಯೇ ಬುಟ್ಟಿ ತುಂಬಿಸುತ್ತಿದ್ದ ಹೆಂಗಸು ಅವಳು.

ವಾರಿಜಾಳ ಮಗಳು ಶಮಿತಾ, ಎಂಟು ವರ್ಷದವಳು, ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತಿದ್ದಳು. "ಅಮ್ಮ, ಕೆಳಗಿನ ಮನೆಯ ಆಂಟಿ ಅಜ್ಜಿಯನ್ನು ಕೊಟ್ಟಿಗೆ ಗುಲಾಬಿ ಅಂದ್ರು. ಅಜ್ಜಿ ದನ ಸಾಕಿದ್ರಾ?"

ಗುಲಾಬಿಯ ಕೈ ಒಂದು ಗಳಿಗೆ ನಿಂತಿತು. ಮತ್ತೆ ಚಿಪ್ಪುಗಳ ಸದ್ದು. "ಹೂಂ ಮಗಾ. ಒಂದು ಊರು ತುಂಬ ಸಾಕಿದ್ದೆ" ಎಂದಳು.

ಮೂವತ್ತು ವರ್ಷಗಳಿಂದ ಮೀನಿನ ಮಾರ್ಕೆಟಿನಲ್ಲಿ, ಮದುವೆ ಮನೆಯಲ್ಲಿ, ನಲ್ಲಿಯ ಸಾಲಿನಲ್ಲಿ ಅವಳಿಗೆ ಅದೇ ಹೆಸರು. ಕೆಲವರು ನಗುತ್ತ ಹೇಳುತ್ತಿದ್ದರು, ಕೆಲವರು ನಗದೆ.

ಆಗ ಕಡಲಿನಿಂದ ಇಂತಿಷ್ಟು ದೂರಕ್ಕೆ ಬಿಳಿ ಬಣ್ಣ ಬಳಿದ ಕಲ್ಲುಗಳನ್ನು ನೆಟ್ಟಿದ್ದರು. ಬಿಳಿ ಕಲ್ಲಿನ ಈಚೆ, ಕಡಲಿನ ಬದಿಗೆ, ವಾಸದ ಮನೆ ಇರಕೂಡದು. ಬಲೆ ಇಡುವ ಕೊಟ್ಟಿಗೆ ಇರಬಹುದು. ಸರ್ವೆಗೆ ಬರುತ್ತಾರೆ, ಮನೆ ಎಂದು ಬರೆದದ್ದನ್ನೆಲ್ಲ ಮರುದಿನವೇ ಬುಲ್ಡೋಜರ್ ತಂದು ಕೆಡವುತ್ತಾರೆ ಎಂಬ ಸುದ್ದಿ ಬೆಂಗ್ರೆಗೆ ಹಬ್ಬಿತು. ಊರೆಲ್ಲ ಸೇರಿ ಒಂದು ಉಪಾಯ ಮಾಡಿತು. ಸರ್ವೆಯ ಬೆಳಿಗ್ಗೆ ಒಲೆಗಳಿಗೆಲ್ಲ ನೀರು ಹೊಯ್ದರು. ಒಣಗಲು ಹಾಕಿದ ಬಟ್ಟೆ ಎಳೆದರು. ತೊಟ್ಟಿಲಿನ ಹಗ್ಗ ಬಿಚ್ಚಿದರು, ಪಾತ್ರೆಗಳನ್ನು ಹೊಯ್ಗೆಯಲ್ಲಿ ಹೂತರು. ಮಕ್ಕಳನ್ನೂ ಮುದುಕರನ್ನೂ ದೋಣಿಗಳಲ್ಲಿ ಕೂರಿಸಿ ಕಡಲಿಗೆ ಒಯ್ದರು. ಮನೆಮನೆಯೊಳಗೂ ಬಲೆ ಸುರುವಿದರು.

ಆರು ವರ್ಷದ ವಾರಿಜಾಳಿಗೆ ಜ್ವರ. ದೋಣಿಯಲ್ಲಿ ಕೂರಿಸುವಂತಿರಲಿಲ್ಲ. ಗುಲಾಬಿ ಅವಳನ್ನು ಮೂಲೆಯಲ್ಲಿ ಮಲಗಿಸಿ ಮೇಲೆ ಬಲೆ ಹೊದೆಸಿದಳು. "ಅಲ್ಲಾಡಬಾರದು, ಕೆಮ್ಮಬಾರದು" ಎಂದು ಕೆನ್ನೆ ಸವರಿ ಹೋದಳು. ಊರಿನಲ್ಲಿ ಏಳನೆಯ ಕ್ಲಾಸಿನ ತನಕ ಓದಿ, ಆಫೀಸರುಗಳ ಕನ್ನಡ ಬಲ್ಲವಳು ಅವಳೊಬ್ಬಳೇ. ಬಂದವರ ಎದುರು ನಿಂತು, ಶಾಲೆಯಲ್ಲಿ ಪದ್ಯ ಒಪ್ಪಿಸಿದಂತೆ ಹೇಳಿದಳು: "ಬಲೆ ಕೊಟ್ಟಿಗೆ. ಜನ ಇಲ್ಲ."

ಆ ಸಂಜೆ ಬೆಂಗ್ರೆಯಲ್ಲಿ ಹಬ್ಬ. ಗುಲಾಬಿಯ ಜಾಣತನವನ್ನು ಹೊಗಳಿದ್ದೇ ಹೊಗಳಿದ್ದು.

ಮರುವರ್ಷ ಉದ್ಯಾನದ ತೆಂಕು ಅಂಚಿಗೆ ಕಲ್ಲಿನ ತೋಳು ಎದ್ದಿತು. ಮಳೆಗಾಲದಲ್ಲಿ ತೆಂಕಕ್ಕೆ ಹರಿಯಬೇಕಾದ ಹೊಯ್ಗೆಯನ್ನು ಅದು ಉದ್ಯಾನದಲ್ಲೇ ತಡೆಯಿತು. ಆಚೆ ಬೆಂಗ್ರೆ ಬಡಕಲಾಗುತ್ತ ಹೋಯಿತು. ಮೂರು ಮಳೆಗಾಲಗಳಲ್ಲಿ ನಲವತ್ತೊಂದು ಮನೆಗಳೂ ಹೋದವು. ಕೊನೆಯ ಮಳೆಗಾಲದಲ್ಲಿ, ದೋಣಿಯ ಎಂಜಿನ್ ಬಿಚ್ಚಿ ತರಲು ಹೋದ ವಾರಿಜಾಳ ಅಪ್ಪ ಕುಸಿದ ಗೋಡೆಯಡಿ ಸಿಕ್ಕಿ ಸತ್ತ. ದೂರು ಕೊಡಲು ಹೋದವರಿಗೆ ಕಚೇರಿಯಲ್ಲಿ ಸರ್ವೆಯ ಹಾಳೆ ತೋರಿಸಿದರು. ಅಲ್ಲಿ ಜನ ಇಲ್ಲವೆಂದು ನೀವೇ ಹೇಳಿದ್ದೀರಲ್ಲ? ಹೇಳಿದವಳ ಸಹಿಯೂ ಇದೆ. ಗುಲಾಬಿ ಎಂದು ದುಂಡಗೆ ಬರೆದ ಸಹಿ.

ಗುಲಾಬಿಗೆ ಗೊತ್ತಿಲ್ಲದ ಒಂದು ಸಂಗತಿ ವಾರಿಜಾಳಿಗೆ ಗೊತ್ತಿತ್ತು.

ಆ ದಿನ ಬಲೆಯಡಿಯಲ್ಲಿ ಅವಳಿಗೆ ಕೆಮ್ಮು ಬಂದಿತ್ತು. ಒಳಗೆ ಬಂದ ಎಂಜಿನಿಯರು ಕೊಡೆಯ ತುದಿಯಿಂದ ಬಲೆಯನ್ನು ಎತ್ತಿದರು. ಜ್ವರದಲ್ಲಿ ಕೆಂಪಾದ ಅವಳ ಮುಖವನ್ನು ನೋಡಿದರು. ಮುಗುಳ್ನಕ್ಕು, ತುಟಿಯ ಮೇಲೆ ಬೆರಳಿಟ್ಟು, ಬಲೆಯನ್ನು ಮೆಲ್ಲಗೆ ಇಳಿಸಿದರು. ಹೊರಗೆ ಹೋಗಿ ಗುಮಾಸ್ತನಿಗೆ ಹೇಳಿದ್ದು ಅವಳಿಗೆ ಕೇಳಿಸಿತ್ತು: "ಬರ್ಕೊ. ಒಳಗೆ ಬಲೆ."

ವರ್ಷಗಟ್ಟಲೆ ಅವಳು ಅವರನ್ನು ಒಳ್ಳೆಯವರೆಂದು ತಿಳಿದಿದ್ದಳು. ತಮ್ಮ ಗುಟ್ಟು ಕಾಪಾಡಿದವರು. ಎಂಜಿನಿಯರಿಂಗ್ ಓದುವಾಗ ಹಳೆಯ ಕಡತದಲ್ಲಿ ಕಲ್ಲಿನ ತೋಳಿನ ನಕ್ಷೆ ಸಿಕ್ಕಿತು. ಅದರ ಮೇಲೆ ಅದೇ ಎಂಜಿನಿಯರ ಸಹಿ, ಭುಜಂಗ ರಾವ್; ತಾರೀಕು ಸರ್ವೆಗಿಂತ ಎರಡು ತಿಂಗಳು ಮೊದಲಿನದು. ಅವತ್ತು ಮನೆಗೆ ಬಂದು ತಾಯಿಗೆ ಎಲ್ಲ ಹೇಳಿದಳು. ಗುಲಾಬಿ ಒಪ್ಪಲಿಲ್ಲ. "ನಿನಗೆ ಅಂದು ನೂರಮೂರು ಜ್ವರ. ಗೋಡೆಯಲ್ಲಿ ಆನೆ ನಡೆಯುತ್ತೆ ಅಂತಲೂ ಹೇಳಿದ್ದೆ. ನನ್ನ ಬಾಯಿಂದ ಬಂದದ್ದನ್ನು ಇನ್ನೊಬ್ಬರ ತಲೆಗೆ ಕಟ್ಟಬೇಡ ಮಗಳೇ."

ಮಗಳ ಮಾತಿನಿಂದ ಆಗದ ಕೆಲಸ ಅದು. ಅವರ ಬಾಯಿಂದಲೇ ಬರಬೇಕಿತ್ತು. ಅದಕ್ಕಾಗಿ ವಾರಿಜಾ ಇಷ್ಟು ವರ್ಷ ಅದೇ ಇಲಾಖೆಯಲ್ಲಿ, ಅದೇ ದಂಡೆಯ ಮೇಲೆ ಕಾದಿದ್ದಳು.

ಭುಜಂಗ ರಾಯರು ಗುಲಾಬಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಎಂಬತ್ತು ದಾಟಿದರೂ ನೆಟ್ಟಗಿನ ಬೆನ್ನು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಇಲಾಖೆಯ ಹುಡುಗಿಯರೆಂದು ತಿಳಿದು ಖುಷಿಪಟ್ಟರು. ಕೂರಿಸಿ, ಬೆಲ್ಲ, ನೀರು ತರಿಸಿದರು. ಒಳಗಿಂದ ಸಾರಿನ ಪರಿಮಳ ಬರುತ್ತಿತ್ತು. ಹಿತ್ತಿಲ ಹಗ್ಗದಲ್ಲಿ ಎರಡು ಪಂಚೆ, ಒಂದು ಟವೆಲು.

"ಆ ಕಲ್ಲು ನೋಡಿದಿರಾ?" ಎಂದು ಅಂಗಳದಾಚೆಯ ಫಲಕ ತೋರಿಸಿದರು. ಉದ್ಯಾನ ನಿರ್ಮಿಸಿದವರೆಂದು ಅವರ ಹೆಸರು ಕೊರೆದಿತ್ತು. "ನಾನು ಬರುವಾಗ ಇಲ್ಲಿ ಎಂತದೂ ಇರಲಿಲ್ಲ. ಬರೀ ಹೊಯ್ಗೆ."

"ತೆಂಕದಲ್ಲಿ ಜನ ಇದ್ದರಂತಲ್ಲ ಸರ್?" ಎಂದಳು ವಾರಿಜಾ.

"ಬೆಂಗ್ರೆಯಲ್ಲಾ? ಇಲ್ಲ ಇಲ್ಲ. ಬಲೆ ಕೊಟ್ಟಿಗೆಗಳು. ಆಮೇಲೆ ಪರಿಹಾರ ಕೇಳ್ಲಿಕ್ಕೆ ಎಲ್ಲಿಂದಲೋ ಬಂದು ಸೇರಿಕೊಂಡದ್ದು. ನಾನೇ ಖುದ್ದು ಹೋಗಿ ನೋಡಿದವನು." ಮಾತಿನಲ್ಲಿ ಒಂದಿಷ್ಟೂ ಎಡವಲಿಲ್ಲ.

ಫ್ಲೋಸಿ ತಟ್ಟೆಯಿಂದ ಬೆಲ್ಲದ ಚೂರು ಎತ್ತಿಕೊಳ್ಳುತ್ತ, "ಸರ್, ದಾಖಲೆಯಲ್ಲಿ ಈ ಮನೆ ಸಲಕರಣೆ ಕೊಟ್ಟಿಗೆ ಅಂತ ಉಂಟು" ಎಂದಳು.

ರಾಯರು ಗಟ್ಟಿಯಾಗಿ ನಕ್ಕರು. "ನಾನೇ ಬರೆಸಿದ್ದು ಮಾರಾಯ್ತಿ. ಬಿಳಿ ಕಲ್ಲಿನ ಈಚೆ ಮನೆ ಕಟ್ಟಲಿಕ್ಕೆ ಬಿಡ್ತಾರಾ? ಹುಲ್ಲು ಕತ್ತರಿಸುವ ಮೆಶಿನ್ ಇಡುವ ಕೊಟ್ಟಿಗೆ ಅಂತ ಕಾಗದ ಮಾಡಿಸಿದೆ. ಇಪ್ಪತ್ತು ವರ್ಷ ಆಯ್ತು, ಯಾರೂ ಕೇಳಿದವರಿಲ್ಲ." ಮುಂದಕ್ಕೆ ಬಾಗಿ ದನಿ ತಗ್ಗಿಸಿದರು. "ನೀವೂ ನಮ್ಮವರೇ ಅಲ್ವಾ? ನೋಡಿಯೂ ನೋಡದ ಹಾಗೆ ಇದ್ದುಬಿಡಿ."

ವಾರಿಜಾ ಅವರನ್ನೇ ನೋಡಿದಳು. ಮೆಲ್ಲಗೆ ಮುಗುಳ್ನಕ್ಕು, ತುಟಿಯ ಮೇಲೆ ಬೆರಳಿಟ್ಟಳು. ರಾಯರು ಕೃತಜ್ಞತೆಯಿಂದ ತಲೆಬಾಗಿಸಿದರು. ಅವರಿಗೆ ಏನೂ ನೆನಪಾಗಲಿಲ್ಲ.

ಗೇಟು ದಾಟಿದ ಮೇಲೆ ಅವಳು ಹೇಳಿದಳು: "ಫ್ಲೋಸಿ, ಬರ್ಕೊ. ಸಲಕರಣೆ ಕೊಟ್ಟಿಗೆ."

"ಅಕ್ಕ, ಕೊಟ್ಟಿಗೆಯಲ್ಲಿ ಯಾರಾದ್ರೂ ಸಾರು ಕುದಿಸ್ತಾರಾ?"

"ಇದ್ದವರು ಹೇಳಿದ್ದನ್ನು ಬರೆಯುವುದು ನಮ್ಮ ಕೆಲಸ. ಅವರೇ ಹೇಳಿದ್ರಲ್ಲ."

ಫ್ಲೋಸಿ ಅವಳ ಮುಖ ನೋಡಿದಳು, ಇನ್ನೇನೂ ಕೇಳದೆ ಬರೆದುಕೊಂಡಳು.

ಗಾಳಿಮರದಡಿಯ ಜೋಕಾಲಿಗಳ ಪಕ್ಕದಿಂದ ಹಾದು ಹೋಗುವಾಗ ವಾರಿಜಾಳ ಹೆಜ್ಜೆ ನಿಧಾನವಾಯಿತು. ಭಾನುವಾರಗಳಲ್ಲಿ ಶಮಿತಾ ಇಲ್ಲೇ ಆಡುತ್ತಿದ್ದಳು. ಮೂಲೆ ಹೋದರೆ ಇದೂ ಹೋಗುತ್ತದೆ. ಅವಳು ಒಂದು ಜೋಕಾಲಿಯ ಸರಪಳಿಯನ್ನು ಮುಟ್ಟಿ, ಬಿಟ್ಟು, ನಡೆದಳು.

ಹದಿನೈದು ದಿನಗಳ ಮೇಲೆ ರಾಯರ ಬಾಗಿಲಿಗೆ ನೋಟಿಸು ಅಂಟಿತು: 'ವಾಸವಿಲ್ಲದ ಕಟ್ಟಡ. ಈ ಮೂಲೆಯನ್ನು ಕಡಲಿಗೆ ಬಿಡಲಾಗುತ್ತಿದೆ. ಸಲಕರಣೆಗಳನ್ನು ತೆರವುಗೊಳಿಸುವುದು. ಆಕ್ಷೇಪವಿದ್ದರೆ ದೀಪಾವಳಿಯೊಳಗೆ.'

ಮರುದಿನ ಬೆಳಿಗ್ಗೆ ನಿಯಂತ್ರಣ ಕೊಠಡಿಯ ಬಾಗಿಲಲ್ಲಿ ಅವರು ನಿಂತಿದ್ದರು. ಅಂಗಿಗೆ ಇಸ್ತ್ರಿ ಇರಲಿಲ್ಲ. ನವರಾತ್ರಿ ಆರಂಭವಾಗಿತ್ತು, ಕರೆಗಂಬಗಳು ತೆಂಕಿನಲ್ಲಿ ಮೊದಲ ಪಾಳಿ ಕರೆಯುತ್ತಿದ್ದವು. ಕೊಠಡಿಯ ಸ್ಪೀಕರಿನಲ್ಲಿ ಸಾಸಿವೆ ಸಿಡಿಯುತ್ತಲೇ ಇತ್ತು.

"ಇದೆಂತ ಮಾಡಿದ್ದು ನೀವು? ವಾಸ ಇಲ್ಲ ಅಂದ್ರೆ? ನಾನು ಇದ್ದೇನಲ್ಲ ಅಲ್ಲಿ."

"ದಾಖಲೆಯಲ್ಲಿ ಇಲ್ಲ ಸರ್."

"ದಾಖಲೆ ಸಾಯಲಿ. ನೀವು ಬಂದು ಕೂತು ನೀರು ಕುಡಿದು ಹೋದದ್ದಲ್ವಾ? ನಿಮ್ಮ ಕಣ್ಣಿಂದ ನೋಡಿದ್ದಲ್ವಾ?"

"ನೋಡಿದೆ" ಎಂದಳು ವಾರಿಜಾ. "ಬೇಕಾದ್ರೆ ಮೇಲಿನವರಿಗೆ ಬರೆಯಿರಿ. ಬಿಳಿ ಕಲ್ಲಿನ ಈಚೆ ಕೊಟ್ಟಿಗೆ ಅಂತ ಸುಳ್ಳು ಹೇಳಿ ಮನೆ ಕಟ್ಟಿದ್ದೆ ಅಂತ. ಅದನ್ನೂ ಬರೆಯಬೇಕಾಗ್ತದೆ. ಬರೆದರೆ ಕಡಲು ಬರುವ ಮೊದಲೇ ಇಲಾಖೆ ಬರ್ತದೆ. ನಾನು ಏನೂ ಬದಲಿಸಲಿಲ್ಲ ಸರ್. ನೀವು ಬರೆಸಿದ್ದನ್ನು ಹಾಗೇ ಬಿಟ್ಟೆ."

ರಾಯರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಅವಳು ಅವರ ಎದುರು ಹೋಗಿ ನಿಂತಳು. ಮುಗುಳ್ನಗಲಿಲ್ಲ ಈ ಸಲ. ತುಟಿಯ ಮೇಲೆ ಬೆರಳಿಟ್ಟು, ಹಾಗೇ ನಿಂತಳು. ತುಂಬ ಹೊತ್ತು ನಿಂತಳು.

ಅವರ ಮುಖದಿಂದ ಬಣ್ಣ ಇಳಿಯುವುದನ್ನು ಫ್ಲೋಸಿ ಕೂಡ ನೋಡಿದಳು.

"ಆ ಮಗು" ಎಂದರು ರಾಯರು.

"ಆ ಬಲೆ" ಎಂದಳು ವಾರಿಜಾ.

ಅವರು ಕುಸಿದು ಕುಳಿತರು. ಆಮೇಲೆ, ಕೆಲಸದಲ್ಲಿದ್ದ ಕಾಲದ ದನಿ ಮರಳಿ ಬಂತು. "ಕೇಳು ಮಗಳೇ. ನಾನು ಮನೆ ಅಂತ ಬರೆದಿದ್ರೆ ಮರುದಿನ ನಿಮ್ಮನ್ನೆಲ್ಲ ಎಬ್ಬಿಸ್ತಿದ್ರು. ನಿಮ್ಮವರು ಹೇಳಿದ್ದನ್ನೇ ಬರೆದೆ. ನಿಮಗೆ ಉಪಕಾರ ಆಗಲಿ ಅಂತ."

"ತೋಳಿನ ನಕ್ಷೆ ಅವತ್ತು ನಿಮ್ಮ ಚೀಲದಲ್ಲಿ ಇತ್ತಾ, ಇಲ್ವಾ?"

ಸ್ಪೀಕರಿನಲ್ಲಿ ಸಾಸಿವೆ ಸಿಡಿಯಿತು, ಸಿಡಿಯಿತು.

"ಇತ್ತು" ಎಂದರು ರಾಯರು.

"ಜನ ಇದ್ದಾರೆ ಅಂತಾಗಿದ್ರೆ ತೋಳು ಕಟ್ಟಲಿಕ್ಕೆ ಆಗ್ತಿತ್ತಾ?"

ಅವರು ಸ್ಪೀಕರಿನತ್ತ ಮುಖ ತಿರುಗಿಸಿದರು.

ವಾರಿಜಾ ತನ್ನ ಕುರ್ಚಿಗೆ ಮರಳಿದಳು. "ನನ್ನ ಅಮ್ಮ ನಾಲ್ಕನೆಯ ಮಹಡಿಯಲ್ಲಿದ್ದಾಳೆ. ಊರು ಮುಳುಗಿಸಿದ್ದು ತಾನೇ ಅಂತ ಮೂವತ್ತು ವರ್ಷದಿಂದ ತಲೆ ತಗ್ಗಿಸಿಕೊಂಡಿದ್ದಾಳೆ. ಬಂದು ಅವಳಿಗೆ ಹೇಳಿ. ನೋಡಿದ್ದೆ ಅಂತ ಹೇಳಿ. ಆಮೇಲೆ ನಿಮ್ಮ ಮನೆಗೆ ಏನು ಬರೆಯಬೇಕು ಅಂತ ಅವಳೇ ಹೇಳ್ಲಿ. ಅವಳು ಹೇಳಿದ್ದನ್ನು ನಾನು ಬರೀತೇನೆ."

"ಅವರು ಮನೆ ಅಂದ್ರೆ?"

"ಮೊದಲಿಂದಲೂ ಮನೆ ಅಂತಲೇ ಬರೀತೇನೆ, ಇಲಾಖೆ ಬರದ ಹಾಗೆ. ನನ್ನ ಕೆಲಸ ಹೋದ್ರೂ ಸರಿ."

ರಾಯರು ಸ್ವಲ್ಪ ಯೋಚಿಸಿದರು. ಬಡ ಹೆಂಗಸರ ಮನಸ್ಸು ಮೃದು ಎಂಬುದು ಅವರ ಅನುಭವವಾಗಿತ್ತು. "ನಾಳೆ ಬರ್ತೇನೆ" ಎಂದರು.

ಲಿಫ್ಟು ಕೆಟ್ಟಿತ್ತು. ನಾಲ್ಕು ಮಹಡಿ ಹತ್ತಿ ಬಂದ ರಾಯರಿಗೆ ಉಸಿರು ಸಿಗುತ್ತಿರಲಿಲ್ಲ. ಗುಲಾಬಿ ಮರುವಾಯಿಯ ಪಾತ್ರೆ ಬದಿಗಿಟ್ಟು, ಸೆರಗಿಗೆ ಕೈ ಒರೆಸಿ, ಕುರ್ಚಿ ಎಳೆದಳು. ಬಂದವರಾರೆಂದು ಕೇಳುವ ಮೊದಲು ಬೆಲ್ಲ, ನೀರು ತಂದಿಟ್ಟಳು. ವಾರಿಜಾ ಶಮಿತಾಳನ್ನು ಪಕ್ಕದ ಮನೆಗೆ ಕಳಿಸಿ ಬಾಗಿಲ ಬಳಿ ನಿಂತಳು.

ರಾಯರು ಹೇಳಿದರು. ಸುತ್ತಿ ಬಳಸಿ ಹೇಳಲು ಹೊರಟರು. ಕಾಲ ಹಾಗಿತ್ತು, ಮೇಲಿನ ಒತ್ತಡ ಇತ್ತು, ತಾನೂ ಸಣ್ಣ ನೌಕರ. ಗುಲಾಬಿ ಸುಮ್ಮನೆ ಕೇಳಿದಳು. ಕೊನೆಗೆ, "ಎಂತ ಹೇಳ್ತಾ ಇದ್ದೀರಿ ನೀವು? ನನಗೆ ತಿಳಿಯುವ ಹಾಗೆ ಹೇಳಿ" ಎಂದಳು.

"ಅವತ್ತು ಬಲೆ ಎತ್ತಿದೆ ಅಮ್ಮ. ಮಗುವನ್ನು ನೋಡಿದೆ."

ಗುಲಾಬಿ ಮಗಳತ್ತ ತಿರುಗಿದಳು. "ನೀನು ಇವರಿಗೆ ಹೇಳಿಕೊಟ್ಟದ್ದಾ? ನನ್ನ ಸಮಾಧಾನಕ್ಕೆ?"

"ಇಲ್ಲಮ್ಮ."

"ನೋಡಿದ್ದು ಹೌದಾದ್ರೆ" ಗುಲಾಬಿ ಮತ್ತೆ ಅವರತ್ತ ನೋಡಿದಳು, "ಅವಳ ಹತ್ತಿರ ಏನಿತ್ತು?"

ರಾಯರು ಕಣ್ಣು ಮುಚ್ಚಿದರು. "ತೆಂಗಿನ ಚಿಪ್ಪಿನ ಸೌಟು. ಗೊಂಬೆಯ ಹಾಗೆ ಎದೆಗೆ ಒತ್ತಿ ಹಿಡ್ಕೊಂಡಿತ್ತು."

ಸೌಟಿನ ಸಂಗತಿ ವಾರಿಜಾಳಿಗೇ ಮರೆತುಹೋಗಿತ್ತು. ಪಾತ್ರೆಗಳನ್ನೆಲ್ಲ ಹೂತ ಮೇಲೆ ಅಳುವ ಮಗುವಿನ ಕೈಗೆ ಉಳಿದದ್ದೊಂದನ್ನು ಕೊಟ್ಟವಳು ಗುಲಾಬಿ. ಅದನ್ನು ಬಲ್ಲವಳೂ ಅವಳೊಬ್ಬಳೇ.

ಅವಳು ನೆಲದ ಮೇಲೆ ಕೂತಳು. ಅಳಲಿಲ್ಲ. ಪಾತ್ರೆಯಿಂದ ಒಂದು ಮರುವಾಯಿ ತೆಗೆದು ಬೆರಳುಗಳ ನಡುವೆ ತಿರುಗಿಸಿದಳು, ಒಳ್ಳೆಯದೋ ಕೆಟ್ಟದ್ದೋ ಎಂದು ಪರೀಕ್ಷಿಸುವವಳ ಹಾಗೆ.

"ನಾನು ಸುಳ್ಳು ಹೇಳಿದ್ದು ಹೌದು" ಎಂದಳು. "ಆದ್ರೆ ನೀವು ಅದನ್ನು ನಂಬಿರಲಿಲ್ಲ."

"ಇಲ್ಲ ಅಮ್ಮ. ನಂಬಿರಲಿಲ್ಲ."

"ಇವಳ ಅಪ್ಪನಿಗೆ ಇದು ಗೊತ್ತಿರಲಿಲ್ಲ. ನನ್ನ ಹತ್ತಿರ ಮಾತು ಬಿಟ್ಟಿದ್ರು ಅವರು. ಕೊನೆಯ ವರ್ಷ ಪೂರ್ತಿ." ಮರುವಾಯಿಯನ್ನು ಪಾತ್ರೆಗೆ ಹಾಕಿದಳು. "ನೀರು ಕುಡಿಯಿರಿ. ಬೆಲ್ಲ ಹಾಗೇ ಉಂಟು."

ರಾಯರಿಗೆ ಧೈರ್ಯ ಬಂತು. ಒಂದು ಗುಟುಕು ನೀರು ಕುಡಿದು, ನೋಟಿಸಿನ ವಿಷಯ ತೆಗೆದರು. ವಯಸ್ಸಾಗಿದೆ, ಬೇರೆ ಕಡೆ ಹೊಂದಿಕೊಳ್ಳಲಾಗದು, ಗಿಡಗಳನ್ನು ಮಕ್ಕಳ ಹಾಗೆ ಸಾಕಿದ್ದೇನೆ. ಎರಡು ಕೈ ಜೋಡಿಸಿದರು.

ವಾರಿಜಾ ಚೀಲದಿಂದ ಇಲಾಖೆಯ ಟ್ಯಾಬ್ಲೆಟ್ ತೆಗೆದು, ದೊಡ್ಡಮ್ಮನ ಪ್ರಶ್ನೆ ಇರುವ ಪುಟ ತೆರೆದಳು. "ಅಮ್ಮ, ಇವರು ಇರುವುದು ಉದ್ಯಾನದ ಬಡಗು ಮೂಲೆಯಲ್ಲಿ. ಕೊಟ್ಟಿಗೆ ಅಂತ ಬರೆಸಿ ಮನೆ ಕಟ್ಟಿಕೊಂಡಿದ್ದಾರೆ. ಮನೆ ಅಂತ ಬರೆದರೆ ಅದು ಉಳಿಯುತ್ತದೆ. ಕೊಟ್ಟಿಗೆ ಅಂತ ಬಿಟ್ಟರೆ ಆ ಹೊಯ್ಗೆ ಬೆಂಗ್ರೆಗೆ ಬರುತ್ತದೆ. ಏನು ಬರೆಯಲಿ?"

ತಾಯಿಯನ್ನು ಅವಳು ಬಲ್ಲಳು. ಬೀದಿನಾಯಿಗೆ ಮುಳ್ಳು ತೆಗೆದು ಮೀನು ಹಾಕುವ ಹೆಂಗಸು. ಬೈದವರ ಮನೆಯ ಬಾಣಂತನಕ್ಕೂ ಹೋಗಿ ಬರುವವಳು. ಮಾತು ಕೊಟ್ಟಾಗಿತ್ತು, ಇನ್ನು ಹಿಂತೆಗೆಯುವಂತಿರಲಿಲ್ಲ.

ಗುಲಾಬಿ ಎದ್ದು ನಿಂತಳು. ಸೆರಗು ಸರಿಪಡಿಸಿಕೊಂಡಳು. ಕೈಗಳನ್ನು ಎರಡೂ ಬದಿಗೆ ಇಳಿಬಿಟ್ಟಳು. ಮನೆಯಲ್ಲಿ ಆಡುವ ಮಾತಿನಲ್ಲಿ ಅಲ್ಲ, ಏಳನೆಯ ಕ್ಲಾಸಿನ ಆ ಹಳೆಯ ಕನ್ನಡದಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದಳು:

"ಬರೆದುಕೊಳ್ಳಿ. ಕೊಟ್ಟಿಗೆ. ಜನ ಇಲ್ಲ."

ರಾಯರು ಬಾಯಿ ತೆರೆದರು. ಅವಳು ಅವರ ಮುಖವನ್ನೇ ನೋಡುತ್ತ ತುಟಿಯ ಮೇಲೆ ಬೆರಳಿಟ್ಟಳು. ಅದನ್ನು ಅವಳಿಗೆ ಯಾರೂ ಈಗ ಹೇಳಿಕೊಟ್ಟಿರಲಿಲ್ಲ. ಹಿಂದೆ ಯಾವಾಗಲೋ ಮಗಳು ಹೇಳಿದಾಗ, ನಂಬದೆಯೂ, ನೆನಪಿಟ್ಟುಕೊಂಡಿದ್ದಳು.

ಅವರು ಹೊರಟಾಗ ಬಾಗಿಲ ತನಕ ಬಂದಳು. "ಮೆಟ್ಟಿಲಲ್ಲಿ ಜೋಪಾನ" ಎಂದಳು. "ಮೂರನೆಯ ಮಹಡಿಯಲ್ಲಿ ಒಂದು ಮೆಟ್ಟಿಲು ಒಡೆದಿದೆ."

ದೀಪಾವಳಿ ಕಳೆಯಿತು. ಆಕ್ಷೇಪ ಬರಲಿಲ್ಲ. ರಾಯರು ಪೇಟೆಯ ಫ್ಲ್ಯಾಟಿಗೆ ಹೋಗುವ ದಿನ ವಾರಿಜಾಳೇ ಲಾರಿ ಗೊತ್ತುಮಾಡಿದಳು. ಅವರ ಪುಸ್ತಕಗಳಿಗೆ ಪ್ಲಾಸ್ಟಿಕ್ ಸುತ್ತಿಸಿದಳು, ಔಷಧಿಯ ಡಬ್ಬವನ್ನು ಕೈಯಲ್ಲೇ ಹಿಡಿದು ತಂದುಕೊಟ್ಟಳು. ಮೂರು ಗುಲಾಬಿ ಗಿಡಗಳನ್ನು ಬೇರುಸಮೇತ ಕುಂಡಕ್ಕೆ ಹಾಕಿಸಿದಳು. ಬೆಂಗ್ರೆಯವರಿಗೆ ಯಾರೂ ಅ‍ಷ್ಟು ಮಾಡಿರಲಿಲ್ಲ. ಅದನ್ನು ಅವರು ಪ್ರತಿಯೊಂದು ಸಾಮಾನಿನಲ್ಲೂ ಕಾಣಲಿ ಎಂದೇ ಅವಳು ಅಷ್ಟು ಜತನದಿಂದ ಮಾಡಿದಳು. ಅವರು ಕಂಡರೆಂದು ತೋರುತ್ತದೆ. ಲಾರಿಯ ಮುಂದಿನ ಸೀಟಿನಲ್ಲಿ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಕೂತವರು ಒಮ್ಮೆಯೂ ತಲೆಯೆತ್ತಲಿಲ್ಲ.

ಜೋಕಾಲಿ ಕಳಚುವ ದಿನ ಶಮಿತಾ ಅತ್ತಳು. ವಾರಿಜಾ ಅವಳನ್ನು ಎತ್ತಿಕೊಂಡು ಉದ್ಯಾನದ ಇನ್ನೊಂದು ತುದಿಯ ತನಕ ನಡೆದಳು. ಭಾರದ ಮಗು, ಆದರೂ ಇಳಿಸಲಿಲ್ಲ.

ಮೊದಲ ಮಳೆಗಾಲದಲ್ಲಿ ಅಂಗಳ ಹೋಯಿತು, ಫಲಕದ ಕಲ್ಲು ಮುಗುಚಿತು. ಎರಡನೆಯದರಲ್ಲಿ ಗೋಡೆ. ಅದು ಬೀಳುವ ಮಧ್ಯಾಹ್ನ ವಾರಿಜಾ ಬೇಕೆಂದೇ ಪಾಳಿಯಲ್ಲಿದ್ದಳು. ಹೆಡ್‌ಫೋನ್ ಹಾಕಿಕೊಂಡು ಕಾದಳು. ಕೇಳಿಸಲೇ ಇಲ್ಲ. ತೆಂಕು ತೋಳಿನಲ್ಲಿ ಸಿಂಪಿಗಳ ನಡುವೆ ಬಂದು ನೆಲೆಸಿದ ಸಿಗಡಿಗಳು ಅಷ್ಟು ಗದ್ದಲ ಎಬ್ಬಿಸಿದ್ದವು. ಆ ಒಗ್ಗರಣೆಯಲ್ಲಿ ಒಂದು ಮನೆ ಬಿದ್ದ ಸದ್ದು ಯಾವ ಲೆಕ್ಕ.

ನಾಲ್ಕನೆಯ ವರ್ಷ ಬೆಂಗ್ರೆ ಉಬ್ಬರದಲ್ಲೂ ಮುಳುಗಲಿಲ್ಲ. ಮನೆ ಕಟ್ಟುವಷ್ಟು ಅಲ್ಲ, ದೋಣಿ ಎಳೆದಿಡುವಷ್ಟು, ಮೀನು ಒಣಗಿಸುವಷ್ಟು. ಕಾಲೊನಿಯ ಹೆಂಗಸರು ಬುಟ್ಟಿ ಹಿಡಿದು ಇಳಿತದ ನೀರಿಗೆ ಇಳಿದರು. ಗುಲಾಬಿ ಎಲ್ಲರಿಗಿಂತ ಮುಂದೆ, ಸೀರೆ ಎತ್ತಿ ಕಟ್ಟಿ, ಕಾಲ್ಬೆರಳುಗಳಿಂದ ಹೊಯ್ಗೆ ಕೆದಕುತ್ತಿದ್ದಳು.

"ಓ ಕೊಟ್ಟಿಗೆ ಗುಲಾಬಿ, ನಮಗೂ ಒಂದಿಷ್ಟು ಮರುವಾಯಿ ಬಿಡು ಮಾರಾಯ್ತಿ" ಎಂದು ಹಿಂದಿನಿಂದ ಯಾರೋ ಕೂಗಿದರು.

ಗುಲಾಬಿ ತಿರುಗಿ ನೋಡದೆ, ಸಿಕ್ಕ ಮರುವಾಯಿಯನ್ನು ಬುಟ್ಟಿಗೆ ಹಾಕುತ್ತ ಕೇಳಿದಳು:

"ಯಾವ ಕೊಟ್ಟಿಗೆ? ನಾನು ಬರೆಸಿದ್ದು ಎರಡು."